ಬೇಯಿಸಿದವನೇ ಬಡಿಸುವ ಊಟ

ಬ್ರೆಜಿಲ್‌ನ ಹುಲ್ಲುಗಾವಲಿನಲ್ಲಿ ಹುಟ್ಟಿ, ಹೆದ್ದಾರಿ ಬದಿಯಲ್ಲಿ ರೂಪ ಪಡೆದು, ಟೆಕ್ಸಸ್‌ನಲ್ಲಿ ದುಬಾರಿಯಾದ 'ರೊಡೀಜಿಯೊ' ಊಟಕ್ಕೆ ಮಿತಿಯೇ ಇಲ್ಲ ಎನ್ನುತ್ತಾರೆ. ಆದರೆ ಸರಳು ಹಿಡಿದು ಬರುವವನ ಕೈಯಲ್ಲಿ ಪ್ರತಿ ತುಂಡಿಗೂ ಲೆಕ್ಕವಿದೆ.

2014ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಂದು ವಿಚಿತ್ರ ಪ್ರಶ್ನೆಯನ್ನು ಬಿಡಿಸಬೇಕಾಯಿತು. ಮಾಂಸವನ್ನು ಸರಳಿಗೆ ಪೋಣಿಸಿ, ಕೆಂಡದ ಮೇಲೆ ಸುಟ್ಟು, ಅದೇ ಸರಳನ್ನು ಹಿಡಿದು ಮೇಜಿನಿಂದ ಮೇಜಿಗೆ ನಡೆದು ಬಡಿಸುವುದು 'ವಿಶೇಷ ಜ್ಞಾನ' ಅನ್ನಿಸಿಕೊಳ್ಳುತ್ತದೆಯೇ?

ನ್ಯಾಯಾಲಯದ ಮೆಟ್ಟಿಲೇರಿದ್ದು ಫೋಗೊ ದಿ ಶಾವ್ ಎಂಬ ಬ್ರೆಜಿಲ್ ಮೂಲದ ಹೋಟೆಲ್ ಸಂಸ್ಥೆ. ತನ್ನ ಒಬ್ಬ ಬಾಣಸಿಗನನ್ನು ಬ್ರೆಜಿಲ್‌ನಿಂದ ಅಮೆರಿಕದ ಶಾಖೆಗೆ ಕರೆಸಿಕೊಳ್ಳಲು ಅದು ಎಲ್-1ಬಿ ವೀಸಾ ಕೇಳಿತ್ತು. ವಿಶೇಷ ಜ್ಞಾನವಿರುವ ನೌಕರರನ್ನು ಕಂಪನಿಯೊಳಗೇ ವರ್ಗಾಯಿಸಿಕೊಳ್ಳಲು ಇರುವ ವೀಸಾ ಇದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಅಮೆರಿಕಕ್ಕೆ ಹೋದವರ ಮನೆಗಳಲ್ಲಿ ಇದರ ಹೆಸರು ಕೇಳದವರು ಕಡಿಮೆ. 1997ರಿಂದ 2006ರವರೆಗೆ ಈ ಸಂಸ್ಥೆಯ 200ಕ್ಕೂ ಹೆಚ್ಚು ಬಾಣಸಿಗರಿಗೆ ಇದೇ ವೀಸಾ ಸಿಕ್ಕಿತ್ತು. ಆಮೇಲೆ ವಲಸೆ ಇಲಾಖೆಯ ಧೋರಣೆ ಬದಲಾಯಿತು. ಒಂದು ಸಂಸ್ಕೃತಿಯಲ್ಲಿ ಹುಟ್ಟಿ ಬೆಳೆದವನಿಗೆ ತಾನಾಗಿ ಬಂದ ತಿಳಿವಳಿಕೆಯನ್ನು ವಿಶೇಷ ಜ್ಞಾನವೆಂದು ಲೆಕ್ಕಕ್ಕೆ ಹಿಡಿಯಲಾಗದು ಎಂದು ಇಲಾಖೆ ಅರ್ಜಿಯನ್ನು ತಳ್ಳಿಹಾಕಿತು.

ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಇಲಾಖೆಯ ನಿಲುವನ್ನು ಒಪ್ಪಲಿಲ್ಲ. ಸಂಸ್ಕೃತಿಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಜ್ಞಾನವನ್ನು ಪಕ್ಕಕ್ಕಿಡುವಂತಿಲ್ಲ, ಮರುಪರಿಶೀಲಿಸಿ ಎಂದರು. ಮೂರನೆಯವರು ಭಿನ್ನಮತ ಬರೆದರು. ಅಮೆರಿಕದ ಅಡುಗೆಯವರೂ ಈ ಕೆಲಸ ಕಲಿಯಬಲ್ಲರು ಎಂಬುದು ಅವರ ವಾದದ ತಿರುಳು. ಆ ನ್ಯಾಯಾಧೀಶರು ಬ್ರೆಟ್ ಕ್ಯಾವನಾ, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಏರಿದವರು.

ತೀರ್ಪಿನ ಸರಿತಪ್ಪು ವಕೀಲರಿಗಿರಲಿ. ಆದರೆ ಈ ಜಗಳ ಒಂದು ಸಂಗತಿಯನ್ನು ಬೆಳಕಿಗೆ ತಂದಿತು. ಎಷ್ಟು ಬೇಕಾದರೂ ತಿನ್ನಬಹುದು ಎಂದು ಜನರನ್ನು ಕರೆಯುವ ಈ ಹೋಟೆಲುಗಳ ಜೀವಾಳ ಮಾಂಸದ ರಾಶಿಯಲ್ಲಿಲ್ಲ, ಅದನ್ನು ಹಿಡಿದು ಓಡಾಡುವ ಮನುಷ್ಯನಲ್ಲಿದೆ. ಅವನು ಎಲ್ಲಿಂದ ಬಂದ, ಅವನ ಕೈಯ ಸರಳು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ದಾರಿ ಬಹಳ ಉದ್ದವಿದೆ. ಅದರ ಒಂದು ಕವಲು ನಮ್ಮ ನೆಲ್ಲೂರಿನವರೆಗೂ ಬರುತ್ತದೆ.

ಹಸಿರು ಬಿಲ್ಲೆ, ಕೆಂಪು ಬಿಲ್ಲೆ

ಬ್ರೆಜಿಲ್‌ನಲ್ಲಿ ಸುಟ್ಟ ಮಾಂಸದ ಹೋಟೆಲಿಗೆ 'ಶುರಾಸ್ಕರಿಯ' ಎನ್ನುತ್ತಾರೆ. ಸರಳುಗಳು ಒಂದರ ಹಿಂದೊಂದು ಸುತ್ತು ಬರುವ ಬಡಿಸುವ ಪದ್ಧತಿಗೆ 'ರೊಡೀಜಿಯೊ' ಎಂದು ಹೆಸರು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಾಗಲಿ, ಅಮೆರಿಕದ ಡಲ್ಲಾಸ್‌ನಲ್ಲಾಗಲಿ ಕ್ರಮ ಹೆಚ್ಚುಕಡಿಮೆ ಒಂದೇ. ತಲೆಗೆ ಇಷ್ಟು ಎಂದು ದರ. ಏನು ಬೇಕು ಎಂದು ಯಾರೂ ಕೇಳುವುದಿಲ್ಲ, ನೀವೂ ಹೇಳಬೇಕಾಗಿಲ್ಲ. ಅನೇಕ ಕಡೆ ಮೇಜಿನ ಮೇಲೆ ಒಂದು ಸಣ್ಣ ಬಿಲ್ಲೆ ಇರುತ್ತದೆ, ಒಂದು ಮುಖ ಹಸಿರು, ಇನ್ನೊಂದು ಕೆಂಪು. ಹಸಿರು ಮೇಲಿದ್ದರೆ ಸರಳುಗಳು ಬರುತ್ತಲೇ ಇರುತ್ತವೆ. ಕೆಂಪು ಮಾಡಿದರೆ ನಿಲ್ಲುತ್ತವೆ. ನಮ್ಮ ಪಂಕ್ತಿ ಊಟದಲ್ಲಿ ಬಡಿಸುವವರು ಎದುರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ಸಾಕೆನ್ನುತ್ತೇವಲ್ಲ, ಆ ಕೈಯ ಕೆಲಸವನ್ನು ಇಲ್ಲಿ ಬಿಲ್ಲೆ ಮಾಡುತ್ತದೆ. ಮೇಜಿನ ಮೇಲೇ ಕೆಂಡದ ಒಲೆಯಿಟ್ಟು ಸರಳು ಬಡಿಸುವ ಬಾರ್ಬೆಕ್ಯೂ ನೇಷನ್ 2006ರಲ್ಲಿ ಮುಂಬೈಯಲ್ಲಿ ಶುರುವಾಗಿ ಈಗ ಬೆಂಗಳೂರಿನಿಂದ ನಡೆಯುತ್ತಿದೆ. ಅಲ್ಲಿ ಉಂಡವರಿಗೆ ಮೇಜಿನ ಪುಟ್ಟ ಬಾವುಟ ಗೊತ್ತಿರುತ್ತದೆ. ಅದು ನಿಂತಿರುವವರೆಗೆ ಸರಳು ಬರುತ್ತದೆ, ಮಲಗಿಸಿದರೆ ನಿಲ್ಲುತ್ತದೆ.

ಊಟ ಶುರುವಾಗುವುದು ಮಾಂಸದಿಂದಲ್ಲ. ನಡುವಿನ ದೊಡ್ಡ ಮೇಜಿನ ಮೇಲೆ ಸಲಾಡ್, ಚೀಸ್, ತಾಳೆ ಜಾತಿಯ ಮರದ ಎಳೆ ತಿರುಳು, ಅನ್ನ, ಕಪ್ಪು ಅವರೆ ಜಾತಿಯ ಕಾಳಿನ ಗಟ್ಟಿ ಸಾರು ಎಲ್ಲ ಹರಡಿರುತ್ತದೆ. ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದ 'ಫರೋಫ' ಇರುತ್ತದೆ. ಮಾಂಸದ ರಸಕ್ಕೆ ಅದನ್ನು ಉದುರಿಸಿಕೊಂಡು ತಿನ್ನುತ್ತಾರೆ. ಮರಗೆಣಸಿನದೇ ಪಿಷ್ಟಕ್ಕೆ ಚೀಸ್ ಸೇರಿಸಿ ಬೇಯಿಸಿದ ಉರುಟು ಬನ್ನು ಬಿಸಿಬಿಸಿಯಾಗಿ ಮೇಜಿಗೇ ಬರುತ್ತದೆ. ಜೊತೆಗೆ ಕರಿದ ಬಾಳೆಹಣ್ಣು. ಉಪ್ಪು, ನೆಣ ತಿಂದ ನಾಲಿಗೆಗೆ ನಡುನಡುವೆ ಒಂದು ಸಿಹಿ ತುಂಡು ಸಿಕ್ಕಲಿ ಎಂದು.

ಇಷ್ಟರಲ್ಲಿ ಮೊದಲ ಸರಳು ಬರುತ್ತದೆ. ಅದು ಸಾಮಾನ್ಯವಾಗಿ ಸಾಸೇಜ್, ಕೋಳಿಕಾಲು ಅಥವಾ ಸಾಲಾಗಿ ಪೋಣಿಸಿದ ಕೋಳಿಯ ಗುಂಡಿಗೆಗಳು. ಇವು ಬೇಗ ಬೇಯುತ್ತವೆ, ಅಗ್ಗವೂ ಹೌದು, ಹಸಿದ ಹೊಟ್ಟೆಯನ್ನು ಅರ್ಧ ತುಂಬಿಸಿಯೂ ಬಿಡುತ್ತವೆ. ಅನುಭವಸ್ಥರು ಇಲ್ಲಿ ನಕ್ಕು ತಲೆಯಾಡಿಸಿ ಬೇಡ ಎನ್ನುತ್ತಾರೆ. ಹೊಸಬರು ಎರಡು ಸಾಸೇಜ್, ಮೂರು ಬನ್ನು ತಿಂದು ಮುಗಿಸುವ ಹೊತ್ತಿಗೆ ಆಚೆಯಿಂದ 'ಪಿಕಾನ್ಯ' ಹೊರಟಿರುತ್ತದೆ.

ಸರಳಿನ ಲೆಕ್ಕ

ಪಿಕಾನ್ಯ ಎಂದರೆ ದನದ ಹಿಂಭಾಗದ ಮೇಲ್ತುದಿಯಿಂದ ತೆಗೆದ ತ್ರಿಕೋನಾಕಾರದ ತುಂಡು. ಅದರ ಒಂದು ಮೈಗೆ ದಪ್ಪನೆಯ ನೆಣದ ಹೊದಿಕೆಯಿರುತ್ತದೆ. ಇಡೀ ತುಂಡು ಒಂದು ಕಿಲೋದ ಆಸುಪಾಸು ಇರಬೇಕು. ತುಂಬ ದೊಡ್ಡದಾದರೆ ತೊಡೆಯ ಗಟ್ಟಿ ಮಾಂಸವೂ ಸೇರಿಕೊಂಡಿದೆ ಎಂದು ಬಲ್ಲವರು ಮೂಗು ಮುರಿಯುತ್ತಾರೆ. ಅದನ್ನು ದಪ್ಪ ಪಟ್ಟಿಗಳಾಗಿ ಕೊಯ್ದು, ನೆಣ ಹೊರಮೈಗೆ ಬರುವಂತೆ ಬಿಲ್ಲಿನ ಹಾಗೆ ಬಾಗಿಸಿ ಸರಳಿಗೆ ಚುಚ್ಚುತ್ತಾರೆ. ಮಸಾಲೆ ಇಲ್ಲ, ನೆನೆಹಾಕುವುದಿಲ್ಲ. ಹಾಕುವುದು ಕಲ್ಲುಪ್ಪು ಒಂದೇ. ಬೆಂಕಿಗೆ ಕರಗಿದ ನೆಣ ಮಾಂಸದ ಮೇಲೆ ಹರಿದು ಅದನ್ನು ಒಣಗಗೊಡುವುದಿಲ್ಲ. ಹೆಚ್ಚಾಗಿ ಉಳಿದ ಉಪ್ಪಿನ ಹರಳುಗಳನ್ನು ಚಾಕುವಿನ ಬೆನ್ನಿನಿಂದ ತಟ್ಟಿ ಉದುರಿಸುತ್ತಾರೆ.

ಈ ಅಡುಗೆಯ ನಿಜವಾದ ಜಾಣತನ ಇರುವುದು ಆಮೇಲೆ. ಬೇರೆ ಸ್ಟೇಕ್ ಹೋಟೆಲುಗಳಲ್ಲಿ ಮಾಂಸ ಎಷ್ಟು ಬೇಯಬೇಕು ಎಂದು ಮೊದಲೇ ಕೇಳಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಬೇಯಿಸುತ್ತಾರೆ. ಇಲ್ಲಿ ಇಡೀ ತುಂಡು ಬೇಯುವವರೆಗೆ ಯಾರೂ ಕಾಯುವುದಿಲ್ಲ. ಹೊರಪದರ ಕಂದಾಗುತ್ತಲೇ ಸರಳು ಊಟದ ಸಾಲಿಗೆ ಇಳಿಯುತ್ತದೆ. ಸರಳಿನ ಮೊನೆಯನ್ನು ಒಂದು ಪುಟ್ಟ ತಟ್ಟೆಗೆ ಊರಿ, ಬಡಿಸುವವನು ಮೇಲಿನಿಂದ ಕೆಳಕ್ಕೆ ತೆಳುವಾಗಿ ಹೆರೆಯುತ್ತಾನೆ. ಕುಳಿತವರು ಪುಟ್ಟ ಇಕ್ಕಳದಲ್ಲಿ ಆ ಹೋಳಿನ ತುದಿ ಹಿಡಿದುಕೊಳ್ಳುತ್ತಾರೆ. ಬೆಂದ ಹೊರಪದರ ಮುಗಿದು ಒಳಗಿನ ಕೆಂಪು ಕಾಣಿಸಿಕೊಂಡಿತೋ, ಸರಳು ಮತ್ತೆ ಒಲೆಗೆ ಹೋಗುತ್ತದೆ, ಮತ್ತೆ ಉಪ್ಪು ಬೀಳುತ್ತದೆ, ಹೊಸದೊಂದು ಹೊರಪದರ ಬೇಯುತ್ತದೆ. ಹಾಗಾಗಿ ಸುಟ್ಟು ಗರಿಯಾದ ಅಂಚು ಒಬ್ಬಿಬ್ಬರ ಪಾಲಿಗಷ್ಟೇ ಬರದೆ ಎಲ್ಲರಿಗೂ ಸಿಗುತ್ತದೆ. ಚೆನ್ನಾಗಿ ಬೆಂದದ್ದು ಬೇಕೆನ್ನುವವರಿಗೆ ಮೊದಲ ಹೋಳು, ರಸಭರಿತ ಗುಲಾಬಿ ಬಣ್ಣದ್ದು ಬೇಕೆನ್ನುವವರಿಗೆ ಅದರ ಹಿಂದಿನ ಹೋಳು. ಒಂದೇ ಸರಳಿನಲ್ಲಿ ಇಬ್ಬರ ರುಚಿಯೂ ನಡೆಯುತ್ತದೆ.

ಎಲ್ಲ ಭಾಗಗಳಿಗೂ ಒಂದೇ ಉರಿ ಆಗದು. ಪಕ್ಕೆಲುಬು, ಅವರ ಭಾಷೆಯಲ್ಲಿ 'ಕೊಸ್ತೆಲಾ', ಬೆಂಕಿಯಿಂದ ದೂರದಲ್ಲಿ ಗಂಟೆಗಟ್ಟಲೆ ಕೂತು, ಮೂಳೆಯಿಂದ ಮಾಂಸ ತಾನಾಗಿ ಕಳಚುವ ಹಂತಕ್ಕೆ ಬರಬೇಕು. ಹೊಟ್ಟೆಯ ಕೆಳಭಾಗದ 'ಫ್ರಾಲ್ಡೀನ್ಯ' ಉದ್ದ ಎಳೆಗಳ ಮಾಂಸ. ಅದನ್ನು ಎಳೆಗೆ ಅಡ್ಡವಾಗಿ ಕೊಯ್ದರೆ ಮೆತ್ತಗಿರುತ್ತದೆ, ಎಳೆಯ ಜಾಡಿನಲ್ಲೇ ಕೊಯ್ದರೆ ಅಗಿದಷ್ಟೂ ಮುಗಿಯುವುದಿಲ್ಲ. ಹಾಗಾಗಿ ಮಾಂಸ ಕತ್ತರಿಸಿ, ಪೋಣಿಸಿ, ಉರಿ ನೋಡಿಕೊಂಡವನೇ ಹೊರಗೆ ಬಂದು ಹೆರೆಯುವುದಕ್ಕೆ ಅರ್ಥವಿದೆ. ಯಾವ ಸರಳಿನ ಯಾವ ಮಗ್ಗುಲು ಈಗ ಹದಕ್ಕೆ ಬಂದಿದೆ ಎಂದು ಅವನಿಗೆ ಗೊತ್ತು.

ಇದರಲ್ಲಿ ಮಾಲೀಕರ ಲಾಭವೂ ಇದೆ. ಕಟುಕ, ಬಾಣಸಿಗ, ಬಡಿಸುವವ ಮೂವರ ಕೆಲಸವನ್ನು ಒಬ್ಬನೇ ಮಾಡಿದರೆ ಸಂಬಳದ ಖರ್ಚು ತಗ್ಗುತ್ತದೆ. ಸಲಾಡ್ ಮೇಜಿಗೆ ಜನ ತಾವೇ ಎದ್ದು ಹೋಗುತ್ತಾರೆ. ಯಾವ ಸರಳು ಯಾವಾಗ, ಎಷ್ಟು ಸಲ ಹೊರಗೆ ಬರಬೇಕು ಎಂಬುದು ಒಲೆಯ ಬಳಿ ತೀರ್ಮಾನವಾಗುತ್ತದೆ. ಎಷ್ಟು ಬೇಕಾದರೂ ತಿನ್ನಿ ಎಂಬ ಮಾತು ನಿಜವೇ. ಯಾವುದು, ಯಾವಾಗ ಎಂಬುದು ಮಾತ್ರ ಅವರ ಕೈಯಲ್ಲಿ.

ತೊಗಲಿಗಾಗಿ ಕೊಂದು ಮಾಂಸ ಬಿಟ್ಟ ಕಾಲ

ಬ್ರೆಜಿಲ್‌ನ ತೆಂಕಣ ತುದಿಯ ರಾಜ್ಯ ರಿಯೊ ಗ್ರಾಂಡೆ ದೊ ಸುಲ್. ಉರುಗ್ವೆ, ಅರ್ಜೆಂಟೀನಾಗಳ ಜೊತೆ ಅದು ಹಂಚಿಕೊಂಡಿರುವ ವಿಸ್ತಾರವಾದ ಹುಲ್ಲುಗಾವಲೇ ಪಂಪಾ. 17ನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ತಮ್ಮ ಮಿಷನ್‌ಗಳಿಗಾಗಿ ಇಲ್ಲಿಗೆ ದನ ತಂದರು. ಗುಲಾಮರ ಬೇಟೆಗೆ ಬಂದ ದಾಳಿಕೋರರಿಂದ ಮಿಷನ್‌ಗಳು ಚದುರಿದಾಗ ದನಗಳು ಬಯಲಿನಲ್ಲೇ ಉಳಿದು ಕಾಡುಪಾಲಾದವು, ಲೆಕ್ಕ ಮೀರಿ ಬೆಳೆದವು. ಅವುಗಳ ಹಿಂದೆ ಕುದುರೆ ಓಡಿಸಿಕೊಂಡು ಬದುಕಿದವರು 'ಗಾವುಶೊ'ಗಳು. ಅಲ್ಲಿನ ಮೂಲನಿವಾಸಿಗಳ, ಸ್ಪೇನ್, ಪೋರ್ಚುಗಲ್, ಆಫ್ರಿಕಾ ರಕ್ತಗಳು ಬೆರೆತ, ಊರುಕೇರಿ ಇಲ್ಲದ ಸವಾರರು.

ಅಂದು ಬೆಲೆಯಿದ್ದದ್ದು ತೊಗಲಿಗೆ. ಮಾಂಸವನ್ನು ದೂರದ ಪೇಟೆಗೆ ಕೆಡದಂತೆ ಒಯ್ಯಲು ದಾರಿಯಿರಲಿಲ್ಲ. ತೊಗಲು ಸುಲಿದು, ಬೇಕಾದ ಭಾಗ ಕೊಯ್ದು ತಿಂದು, ಉಳಿದದ್ದನ್ನು ಹದ್ದುಗಳಿಗೆ ಬಿಟ್ಟು ಹೋಗುತ್ತಿದ್ದರು. ಪಾತ್ರೆಯಿಲ್ಲದ, ಮಸಾಲೆಯಿಲ್ಲದ ಆ ಬಯಲಿನಲ್ಲಿ ಅಡುಗೆಗೆ ಇದ್ದದ್ದು ನೆಲದ ಗುಂಡಿಯಲ್ಲಿ ಬೆಂಕಿ, ಪಕ್ಕದಲ್ಲಿ ನೆಟ್ಟ ಕೋಲು, ದನಕ್ಕೆಂದು ಇಟ್ಟುಕೊಂಡ ಕಲ್ಲುಪ್ಪು. ಇಂದು ತಲೆಗೆ ಇಷ್ಟು ಡಾಲರ್ ಎಂದು ವಸೂಲು ಮಾಡುವ ಊಟದ ಮೂಲ ಮಾಂಸಕ್ಕೆ ಬೆಲೆಯೇ ಇಲ್ಲದ ಆ ಕಾಲದ್ದು.

ಮಾಂಸಕ್ಕೆ ಬೆಲೆ ಬಂದದ್ದು ಉಪ್ಪಿನಿಂದ. 1780ರ ಸುಮಾರಿಗೆ ಪೆಲೋತಾಸ್ ಊರಿನ ಸುತ್ತ ಮಾಂಸವನ್ನು ಉಪ್ಪು ಹಾಕಿ ಒಣಗಿಸುವ ಕಾರ್ಖಾನೆಗಳು ತಲೆಯೆತ್ತಿದವು. ಅಲ್ಲಿ ದುಡಿದವರು ಗುಲಾಮರು. ಆ ಒಣಮಾಂಸವನ್ನು ತಿಂದವರೂ ಬಹುಪಾಲು ಗುಲಾಮರೇ, ಬಡಗಣದ ಕಬ್ಬಿನ ತೋಟಗಳಲ್ಲಿ, ನಡುನಾಡಿನ ಗಣಿಗಳಲ್ಲಿ ದುಡಿಯುತ್ತಿದ್ದವರು. ಈ ಒಣಮಾಂಸದ ಮೇಲೆ ಹೇರಿದ ಸುಂಕ ಒಂದು ಯುದ್ಧಕ್ಕೂ ಕಾರಣವಾಯಿತು. 1835ರಿಂದ 1845ರವರೆಗೆ ದಕ್ಷಿಣದ ದನದ ಧಣಿಗಳು ಬ್ರೆಜಿಲ್ ಸಾಮ್ರಾಜ್ಯದ ವಿರುದ್ಧ ನಡೆಸಿದ ಫರೊಪೀಲ್ಯ ಬಂಡಾಯದ ಮುಖ್ಯ ದೂರುಗಳಲ್ಲಿ ಅದೂ ಒಂದು. ಬಂಡಾಯ ಶುರುವಾದ ಸೆಪ್ಟೆಂಬರ್ 20 ಇಂದಿಗೂ ಆ ರಾಜ್ಯದ ದೊಡ್ಡ ಹಬ್ಬ. ಆ ತಿಂಗಳು ಪೋರ್ಟೊ ಅಲೆಗ್ರೆಯ ಉದ್ಯಾನದಲ್ಲಿ ಜನ ಬಿಡಾರ ಹೂಡಿ, ಬೆಂಕಿ ಹಾಕಿ, ಸರಳು ಸುಡುತ್ತಾರೆ.

ಬಯಲಿಗೆ ಬೇಲಿ ಬಿದ್ದ ಮೇಲೆ ಹಳೆಯ ಅಲೆಮಾರಿ ಗಾವುಶೊ ಕೂಲಿಯಾಳಾದ. ಅವನು ಮರೆಯಾಗುವ ಹೊತ್ತಿಗೆ ಪೇಟೆಯ ಹುಡುಗರು ಅವನನ್ನು ಎಬ್ಬಿಸಿ ನಿಲ್ಲಿಸಿದರು. 1948ರಲ್ಲಿ ಪೋರ್ಟೊ ಅಲೆಗ್ರೆಯ ವಿದ್ಯಾರ್ಥಿಗಳು ಸೇರಿ ಮೊದಲ ಗಾವುಶೊ ಸಂಪ್ರದಾಯ ಕೇಂದ್ರ ಕಟ್ಟಿದರು. ಅವರಲ್ಲೊಬ್ಬ ಪೈಶಾವ್ ಕೊರ್ತೆಸ್ ಹಳ್ಳಿ ಹಳ್ಳಿ ಸುತ್ತಿ ಹಾಡು, ಕುಣಿತ, ಉಡುಗೆಗಳನ್ನು ಕಲೆಹಾಕಿದರು. ಪೋರ್ಟೊ ಅಲೆಗ್ರೆಯಲ್ಲಿ 1958ರಲ್ಲಿ ನಿಂತ, ಹಗ್ಗದ ಕುಣಿಕೆ ಹಿಡಿದ ಸವಾರನ ಕಂಚಿನ ಪ್ರತಿಮೆಗೆ ರೂಪದರ್ಶಿಯಾಗಿ ನಿಂತವರೂ ಅವರೇ. ಸಡಿಲ ಷರಾಯಿ, ಎತ್ತರದ ಬೂಟು, ಅಗಲ ಬೆಲ್ಟು, ಕೊರಳಿಗೆ ಕೆಂಪು ವಸ್ತ್ರ ತೊಟ್ಟು ಅಮೆರಿಕದ ಮಾಲ್‌ನೊಳಗೆ ಸರಳು ಹಿಡಿದು ಬರುವವನ ವೇಷ ಹುಲ್ಲುಗಾವಲಿನಿಂದ ನೇರ ಬಂದದ್ದಲ್ಲ, ಈ ಪುನರುಜ್ಜೀವನದ ಮೂಲಕ ಬಂದದ್ದು. 2003ರಲ್ಲಿ ರಿಯೊ ಗ್ರಾಂಡೆ ದೊ ಸುಲ್ ಕಾನೂನನ್ನೇ ಮಾಡಿ ಸುಟ್ಟ ಮಾಂಸವನ್ನು ರಾಜ್ಯದ ಸಾಂಪ್ರದಾಯಿಕ ತಿನಿಸೆಂದು ಸಾರಿತು.

ಲಾರಿಗಳ ಹಾದಿ, ಸುಳ್ಳಿನ ಊರು

ಎಲ್ಲರಿಗೂ ಎಲ್ಲ ಸರಳು ಎಂಬ ಪದ್ಧತಿ ಮಾತ್ರ ಹಳೆಯದಲ್ಲ. ಅದು ಕುದುರೆಯ ಕಾಲದ್ದಲ್ಲ, ಲಾರಿಯ ಕಾಲದ್ದು. 1960ರ ದಶಕದಲ್ಲಿ ದಕ್ಷಿಣದಿಂದ ಸಾವ್ ಪಾವ್ಲೊ ಕಡೆಗೆ ಹೋಗುವ ಬಿಆರ್-116 ಹೆದ್ದಾರಿಯ ಬದಿಯಲ್ಲಿ ಸುಟ್ಟ ಮಾಂಸದ ಹೋಟೆಲುಗಳು ಎದ್ದವು. ಲಾರಿ ಚಾಲಕರಿಗೆ ಹೊತ್ತಿಲ್ಲ, ಹಸಿವು ಬಹಳ. ಒಂದು ದಿನ ಜನ ಕಿಕ್ಕಿರಿದಾಗ ಬಡಿಸುವವನು ಗಲಿಬಿಲಿಗೊಂಡು ಒಬ್ಬರು ಹೇಳಿದ ಸರಳನ್ನು ಇನ್ನೊಬ್ಬರ ಮೇಜಿಗೆ ಕೊಟ್ಟನಂತೆ. ಜಗಳ ಬಿಡಿಸಲು ಮಾಲೀಕ ಎಲ್ಲ ಸರಳನ್ನೂ ಎಲ್ಲ ಮೇಜಿಗೂ ಒಯ್ಯಿ, ದರ ಒಂದೇ ಇರಲಿ ಅಂದನಂತೆ. ಈ ಕಥೆ ತಮ್ಮಲ್ಲೇ ನಡೆದದ್ದು ಎನ್ನುವ ಹೋಟೆಲುಗಳು ಒಂದಕ್ಕಿಂತ ಹೆಚ್ಚು.

ಈ ಹೋಟೆಲುಗಳಿಗೆ ಕೆಲಸಗಾರರನ್ನು ಕಳಿಸಿಕೊಟ್ಟ ಊರೊಂದಿದೆ, ನೋವಾ ಬ್ರೆಸಿಯ. ರಿಯೊ ಗ್ರಾಂಡೆ ದೊ ಸುಲ್‌ನ ಗುಡ್ಡಗಳ ನಡುವಿನ ಪುಟ್ಟ ಪಟ್ಟಣ. 1875ರಿಂದ ಈ ಗುಡ್ಡಗಾಡಿಗೆ ಬಂದು ನೆಲೆಸಿದವರು ಇಟಲಿಯ ರೈತರು. ಜಮೀನು ಚಿಕ್ಕದು, ಮಕ್ಕಳು ಹೆಚ್ಚು. ಊರು ಬಿಟ್ಟ ಹುಡುಗರು ಹೆದ್ದಾರಿ ಹೋಟೆಲುಗಳಲ್ಲಿ ಸರಳು ತಿರುವಲು ಕಲಿತು, ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ತಮ್ಮದೇ ಹೋಟೆಲು ತೆರೆದು, ಊರಿನ ತಮ್ಮಂದಿರನ್ನು, ಸೋದರಳಿಯಂದಿರನ್ನು ಕರೆಸಿಕೊಂಡರು. ಕರಾವಳಿಯಿಂದ ಮುಂಬೈಗೆ ಹೋಗಿ ಹೋಟೆಲು ಕಟ್ಟಿದವರ ಕಥೆ ಬಲ್ಲ ಕನ್ನಡಿಗರಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದದ್ದು ಏನೂ ಇಲ್ಲ. ಊರಿನಲ್ಲಿ ಮಾಂಸ ಸುಡುವವನ ಸ್ಮಾರಕವೇ ಇದೆ. ಅದೇ ಊರು ಸುಳ್ಳು ಹೇಳುವ ಸ್ಪರ್ಧೆಯ ಹಬ್ಬಕ್ಕೂ ಹೆಸರಾಗಿದೆ. ಹಾಗಾಗಿ ರೊಡೀಜಿಯೊ ಹುಟ್ಟಿದ ಕಥೆಯನ್ನು ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಗಾವುಶೊ ವೇಷದವನ ಅಜ್ಜಿಯ ಮನೆಯಲ್ಲಿ ಇಟಾಲಿಯನ್ ಮಾತು ನಡೆಯುತ್ತಿತ್ತು ಎಂಬುದು ಮಾತ್ರ ಹಲವರ ಮಟ್ಟಿಗೆ ನಿಜ. ಮಾಂಸದ ಜೊತೆಗೆ ಬರುವ, ಜೋಳದ ಹಿಟ್ಟಿನ ಮುದ್ದೆಯನ್ನು ಕೊಯ್ದು ಕರಿದ ಪೊಲೆಂಟಾ ಆ ಅಜ್ಜಿಯರದೇ ಅಡುಗೆ.

ಫೋಗೊ ದಿ ಶಾವ್ ಕೂಡ ಇಂಥದೇ ಹಿನ್ನೆಲೆಯ ಎರಡು ಮನೆತನಗಳ ಅಣ್ಣತಮ್ಮಂದಿರು 1979ರಲ್ಲಿ ಪೋರ್ಟೊ ಅಲೆಗ್ರೆಯಲ್ಲಿ ಶುರುಮಾಡಿದ್ದು. 1986ರಲ್ಲಿ ಸಾವ್ ಪಾವ್ಲೊಗೆ ಬಂತು. 1997ರಲ್ಲಿ ಡಲ್ಲಾಸ್ ಪಕ್ಕದ ಅಡಿಸನ್‌ನಲ್ಲಿ ಮೊದಲ ಅಮೆರಿಕನ್ ಶಾಖೆ ತೆರೆಯಿತು. ಮರುವರ್ಷ ಅದೇ ಅಡಿಸನ್‌ನಲ್ಲಿ ಟೆಕ್ಸಸ್ ದಿ ಬ್ರಜಿಲ್ ಎಂಬ ಇನ್ನೊಂದು ಹೋಟೆಲ್ ಶುರುವಾಯಿತು. ಗೋಮಾಂಸ ತಿನ್ನುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ಟೆಕ್ಸಸ್ಸೇ ಮೊದಲ ನೆಲೆಯಾದದ್ದು ಆಶ್ಚರ್ಯವಲ್ಲ. ಲಾರಿ ಚಾಲಕರ ಅವಸರದ ಊಟ ಅಲ್ಲಿ ಟೈ ಕಟ್ಟಿದವರ ರಾತ್ರಿಯೂಟವಾಯಿತು. ಫೋಗೊ ದಿ ಶಾವ್ 2015ರಲ್ಲಿ ಷೇರುಪೇಟೆಗೂ ಬಂತು. ಈಗ ಅದು ಬೈನ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯ ಕೈಯಲ್ಲಿದೆ.

ನೆಲ್ಲೂರಿನಿಂದ ಹೋದ ಹಿಣಿಲು

ಸುತ್ತು ಬರುವ ಸರಳುಗಳಲ್ಲಿ ಒಂದನ್ನು ಕಂಡು ಭಾರತೀಯರು ಒಂದು ಗಳಿಗೆ ನಿಲ್ಲಬೇಕು. ಅದರ ಹೆಸರು 'ಕುಪಿಂ'. ಎತ್ತಿನ ಹೆಗಲಿನ ಮೇಲೆ ಎದ್ದು ನಿಲ್ಲುವ ಡುಬ್ಬ, ನಮ್ಮ ರೈತರು ಹಿಣಿಲು ಎನ್ನುವುದು. ನೆಣ ಮತ್ತು ಮಾಂಸದ ಎಳೆಗಳು ಹೆಣೆದುಕೊಂಡಿರುವ ಅದನ್ನು ಸುತ್ತಿ ಕಟ್ಟಿ ಬಹಳ ಹೊತ್ತು ಸಣ್ಣ ಉರಿಯಲ್ಲಿಟ್ಟು ಮೆತ್ತಗಾಗಿಸುತ್ತಾರೆ.

ಯುರೋಪಿನ ದನಗಳಿಗೆ ಹಿಣಿಲಿಲ್ಲ. ಪಾದ್ರಿಗಳು ಪಂಪಾಕ್ಕೆ ತಂದ ದನಗಳಿಗೂ ಇರಲಿಲ್ಲ. ಗಾವುಶೊ ಊಟದ ಹೆಮ್ಮೆಯ ಈ ಸರಳು ಹಳೆಯ ಗಾವುಶೊ ಕಂಡೇ ಇರದ ಮಾಂಸ. ಹಿಣಿಲು ಬ್ರೆಜಿಲ್‌ಗೆ ಹೋದದ್ದು ಭಾರತದಿಂದ. 1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಸಾಲ್ವದೋರ್ ಬಂದರಿನಲ್ಲಿ ತಂಗಿದಾಗ ಅದರಲ್ಲಿದ್ದ ಒಂಗೋಲು ತಳಿಯ ಜೋಡಿ ಅಲ್ಲೇ ಮಾರಾಟವಾಯಿತು ಎಂದು ತಳಿಯ ಇತಿಹಾಸ ಹೇಳುತ್ತದೆ. ಮುಂದೆ ಬ್ರೆಜಿಲ್‌ನ ಧಣಿಗಳು ಭಾರತಕ್ಕೇ ಬಂದು ಒಂಗೋಲು, ಗಿರ್, ಕಾಂಕ್ರೇಜ್ ಹೋರಿಗಳನ್ನು ಕೊಂಡು ಒಯ್ದರು. ಬಿಸಿಲು, ಉಣ್ಣೆ ಹುಳು, ಒರಟು ಹುಲ್ಲು ಯಾವುದಕ್ಕೂ ಜಗ್ಗದ ಈ ತಳಿಗಳು ಉಷ್ಣವಲಯದ ನಡುನಾಡಿಗೆ ಹೇಳಿಮಾಡಿಸಿದಂತಿದ್ದವು. 1960ರ ದಶಕದ ಆರಂಭದಲ್ಲಿ ಬಂದ ಕೊನೆಯ ದೊಡ್ಡ ತಂಡವನ್ನು ರೋಗ ಹರಡದಿರಲೆಂದು ಅಟ್ಲಾಂಟಿಕ್‌ನ ಫೆರ್ನಾಂಡೊ ದಿ ನೊರೊನ್ಯ ದ್ವೀಪದಲ್ಲಿ ಇರಿಸಿ ಆಮೇಲೆ ಒಳಗೆ ಬಿಟ್ಟರು. ಆಂಧ್ರದ ಕರವದಿ ಗ್ರಾಮದ ಹೆಸರು ಹೊತ್ತ ಹೋರಿಯೊಂದು ಆ ಕಾಲದಲ್ಲಿ ಬಂದು ಬ್ರೆಜಿಲ್‌ನ ಸಾವಿರಾರು ಹಿಂಡುಗಳ ಮೂಲಪುರುಷನಾಯಿತು.

ಒಂಗೋಲಿಗೆ ಅಲ್ಲಿ 'ನೆಲೋರೆ' ಎಂದು ಹೆಸರು, ಹಡಗು ಹತ್ತಿಸಿದ ಸೀಮೆಯ ನೆನಪಿಗೆ. ಮಿನಾಸ್ ಜೆರಾಯಿಸ್ ರಾಜ್ಯದ ಉಬೆರಾಬಾ ಪಟ್ಟಣದಲ್ಲಿ ಭಾರತೀಯ ತಳಿಗಳ ವಂಶಾವಳಿ ಇಡುವ ಸಂಘವಿದೆ, ಮ್ಯೂಸಿಯಂ ಇದೆ, ಪ್ರತಿವರ್ಷ ದೊಡ್ಡ ಮೇಳ ನಡೆಯುತ್ತದೆ. ಬ್ರೆಜಿಲ್‌ನಲ್ಲಿ 2022ರ ಜನಗಣತಿಯಂತೆ ಜನ 20.3 ಕೋಟಿ. ಅದೇ ವರ್ಷದ ದನಗಳ ಎಣಿಕೆ 23 ಕೋಟಿ ದಾಟಿತ್ತು. ಅವುಗಳಲ್ಲಿ ಬಹುಪಾಲಿನ ಮೈಯಲ್ಲಿ ಹರಿಯುವುದು ಭಾರತದ ರಕ್ತ. ವಿಯಾತಿನಾ-19 ಎಂಬ ನೆಲೋರೆ ಹಸುವಿಗೆ 40 ಲಕ್ಷ ಡಾಲರ್ ಬೆಲೆ ಬಂದು ಅದು ಗಿನ್ನೆಸ್ ದಾಖಲೆಗೆ ಸೇರಿತು.

ಈ ವಲಸೆಯಲ್ಲಿ ಕರ್ನಾಟಕದ ಪಾಲೂ ಇದೆ, ಬ್ರೆಜಿಲ್‌ಗಿಂತ ಹೆಚ್ಚಾಗಿ ಅಮೆರಿಕದಲ್ಲಿ. ಟೆಕ್ಸಸ್‌ನ ಬಿಸಿಲಲ್ಲಿ ಮೇಯುವ 'ಬ್ರಾಹ್ಮನ್' ತಳಿಯನ್ನು ಕಟ್ಟಲು ಬಳಸಿದ ಭಾರತೀಯ ತಳಿಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಕೃಷ್ಣಾ ಕಣಿವೆ ತಳಿಯೂ ಒಂದು. ಎರೆಮಣ್ಣಿನಲ್ಲಿ ನೇಗಿಲೆಳೆಯಲೆಂದು ಬೆಳೆಸಿದ ಆ ಭಾರೀ ಎತ್ತುಗಳು ಇಂದು ತವರಿನಲ್ಲೇ ಕಾಣಸಿಗುವುದು ಅಪರೂಪ. ಭಾರತದಲ್ಲಿ ಉಳುಮೆಗೆ, ಹಾಲಿಗೆ ಸಾಕಿದ ತಳಿಗಳು ಅಲ್ಲಿ ಮಾಂಸಕ್ಕೆಂದೇ ಬೆಳೆದವು. ಇದನ್ನು ಓದುವಾಗ ಕೆಲವರ ಮನಸ್ಸಿಗೆ ಕಸಿವಿಸಿಯಾದೀತು. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ನಾವು ಕೈಬಿಟ್ಟ ತಳಿಗಳ ವಂಶಾವಳಿಯನ್ನು ಅವರು ದಾಖಲೆಯಿಟ್ಟು ಕಾಪಾಡಿದ್ದಾರೆ ಎಂಬುದನ್ನೂ ಒಪ್ಪಬೇಕು.

ಬಿಲ್ಲಿನಲ್ಲಿ ಕಾಣದ ಬೆಲೆ

ಬ್ರೆಜಿಲ್‌ನಲ್ಲಿ ಮಾಂಸ ರಾಜಕಾರಣವೂ ಹೌದು. 2022ರ ಅಧ್ಯಕ್ಷ ಚುನಾವಣೆಯಲ್ಲಿ ಲೂಲಾ ಡ ಸಿಲ್ವ ಜನಸಾಮಾನ್ಯರು ಮತ್ತೆ ಪಿಕಾನ್ಯ ತಿಂದು ಬಿಯರ್ ಕುಡಿಯುವಂತಾಗಬೇಕು ಎಂದು ಊರೂರಿನಲ್ಲಿ ಹೇಳಿ ಗೆದ್ದರು. ಬೆಲೆಯೇರಿಕೆಯಲ್ಲಿ ಬಸವಳಿದವರಿಗೆ ಪಿಕಾನ್ಯ ಒಳ್ಳೆಯ ದಿನಗಳ ಗುರುತಾಗಿತ್ತು. ರಿಯೊ ಗ್ರಾಂಡೆ ದೊ ಸುಲ್‌ನಲ್ಲಿ ಭಾನುವಾರದ ಸುಟ್ಟ ಮಾಂಸ ಇಂದಿಗೂ ಮನೆಯ ಹಿತ್ತಿಲಿನದು, ನೆಂಟರಿಷ್ಟರು ಸೇರುವ ನೆಪ. ರೊಡೀಜಿಯೊ ಅದರ ಅಂಗಡಿ ರೂಪ.

ಇನ್ನೊಂದು ಬೆಲೆ ಕಾಡಿನದು. ಭಾರತೀಯ ತಳಿಗಳು ಬಂದ ಮೇಲೆ ದನಗಳು ತಂಪಿನ ದಕ್ಷಿಣದಿಂದ ಉಷ್ಣವಲಯದ ಉತ್ತರಕ್ಕೆ ಏರುತ್ತಾ ಹೋದವು. ಇಂದು ಬ್ರೆಜಿಲ್‌ನ ಎಲ್ಲ ಪುರಸಭೆಗಳಲ್ಲಿ ಅತಿ ಹೆಚ್ಚು ದನಗಳಿರುವುದು ಅಮೆಜಾನ್ ಸೀಮೆಯ ಸಾವ್ ಫೆಲಿಕ್ಸ್ ದೊ ಶಿಂಗೂನಲ್ಲಿ, 20 ಲಕ್ಷಕ್ಕೂ ಹೆಚ್ಚು. ಅಮೆಜಾನ್ ಕಾಡು ನಾಶಕ್ಕೆ ಹುಲ್ಲುಗಾವಲಿಗಾಗಿ ಮರ ಕಡಿಯುವುದೇ ಎಲ್ಲಕ್ಕಿಂತ ದೊಡ್ಡ ಕಾರಣ. ಅಮೆರಿಕದ ಹೋಟೆಲಿನ ಸರಳಿನಲ್ಲಿರುವುದು ಬಹುತೇಕ ಅಮೆರಿಕದ್ದೇ ಮಾಂಸ ಇರಬಹುದು. ಆದರೆ ಮಿತಿಯಿಲ್ಲದ ಊಟ ಎಂಬ ಆಸೆಗೆ ನೆಲದಲ್ಲಿ ಮಿತಿಯಿದೆ ಎಂಬುದನ್ನು ಆ ಕಾಡಿನ ಅಂಚು ತೋರಿಸುತ್ತದೆ. ತಿನ್ನುವವರು ಇದನ್ನು ಅರಿತು ತಿನ್ನುವುದು ಒಳ್ಳೆಯದು.

ಹೋಗುವವರಿಗೆ ನಾಲ್ಕು ಮಾತು

ಅಮೆರಿಕದ ದೊಡ್ಡ ಶುರಾಸ್ಕರಿಯಗಳಲ್ಲಿ ರಾತ್ರಿಯೂಟ ತಲೆಗೆ 60 ಡಾಲರ್ ದಾಟುತ್ತದೆ. ಪಾನೀಯ, ಸಿಹಿ, ತೆರಿಗೆ, ಟಿಪ್ಸ್ ಎಲ್ಲ ಬೇರೆ. ಹೋಟೆಲಿಗೆ ಲಾಭ ಹೆಚ್ಚು ಸಿಗುವುದೂ ಆ ಬೇರೆಯದರಲ್ಲೇ, ವಿಶೇಷವಾಗಿ ಕಬ್ಬಿನ ಹಾಲಿನ ಮದ್ಯಕ್ಕೆ ನಿಂಬೆ, ಸಕ್ಕರೆ ಬೆರೆಸಿದ ಕೈಪಿರೀನ್ಯದಲ್ಲಿ. ಮಧ್ಯಾಹ್ನದ ದರ ಕಡಿಮೆ, ಮಾಂಸದ ಬಗೆಗಳು ಒಂದಿಷ್ಟು ಕಡಿಮೆಯಿದ್ದರೂ ಮುಖ್ಯವಾದವು ಇರುತ್ತವೆ.

ಕುಳಿತ ಕೂಡಲೇ ಬಿಲ್ಲೆಯನ್ನು ಹಸಿರು ಮಾಡಬೇಡಿ. ಮೊದಲು ಸಲಾಡ್ ಮೇಜನ್ನು ಒಂದು ಸುತ್ತು ನೋಡಿ ಬನ್ನಿ, ಆದರೆ ತಟ್ಟೆ ತುಂಬಿಸಿಕೊಳ್ಳಬೇಡಿ. ಬರುವ ಪ್ರತಿ ಸರಳಿಗೂ ಹೂಂ ಎನ್ನಬೇಕಿಲ್ಲ. ಪಿಕಾನ್ಯ ಯಾವಾಗ ಬರುತ್ತದೆ, ಪಕ್ಕೆಲುಬು ಆಗಿದೆಯೇ ಎಂದು ಕೇಳಿ, ಕೇಳಿದವರಿಗೆ ತಂದುಕೊಡುತ್ತಾರೆ. ಬೆಂದದ್ದು ಬೇಕೋ, ಅರೆಬೆಂದದ್ದು ಬೇಕೋ ಹೇಳಿ. ಒಂದು ಹೋಳು ಸಾಕು, ತಿಂದು ಮುಗಿಸಿ ಇನ್ನೊಂದು. ತಟ್ಟೆಯಲ್ಲಿ ಆರಿದ ಪಿಕಾನ್ಯದ ನೆಣ ಗಟ್ಟಿಯಾಗುತ್ತದೆ, ಅದಕ್ಕೆ ರುಚಿಯಿಲ್ಲ. ಕೊನೆಗೆ ದಾಲ್ಚಿನ್ನಿ ಪುಡಿ ಸವರಿ ಸುಟ್ಟ ಅನಾನಸ್ಸಿನ ಸರಳು ಬರುತ್ತದೆ, ಅದನ್ನು ಮಾತ್ರ ಬಿಡಬೇಡಿ.

ಕಚೇರಿಯ ಗೆಳೆಯರ ಜೊತೆ ಹೋಗಬೇಕಾಗಿ ಬಂದ ಸಸ್ಯಾಹಾರಿಗಳು ಗಾಬರಿಯಾಗಬೇಕಿಲ್ಲ. ಸಲಾಡ್ ಮೇಜಿಗಷ್ಟೇ ಬೇರೆ ದರವಿರುತ್ತದೆ, ಅದನ್ನು ಕೇಳಿ ಪಡೆಯಿರಿ. ಆದರೆ ಎರಡು ಎಚ್ಚರ. ಕಪ್ಪು ಕಾಳಿನ ಸಾರಿನಲ್ಲಿ ಹಂದಿಮಾಂಸ ಇರುವುದೇ ಹೆಚ್ಚು, ಫರೋಫದಲ್ಲೂ ಬೇಕನ್ ಸೇರಿರಬಹುದು. ಚೀಸ್ ಬನ್ನಿಗೆ ಮೊಟ್ಟೆ ಹಾಕಿರುತ್ತಾರೆ. ಗೋಮಾಂಸ ಮಾತ್ರ ತಿನ್ನದವರಿಗೆ ಕೋಳಿ, ಕುರಿ, ಕೆಲವು ಕಡೆ ಮೀನೂ ಸಿಗುತ್ತದೆ. ಆದರೆ ಒಂದೇ ಚಾಕು ಹಲವು ಸರಳುಗಳ ಮೇಲೆ ಆಡುತ್ತದೆ ಎಂಬುದು ತಿಳಿದಿರಲಿ.

ಕೊಟ್ಟ ಹಣಕ್ಕೆ ಸರಿದೂಗುವಷ್ಟು ತಿಂದೇ ಏಳುತ್ತೇನೆ ಎಂದು ಹೊರಟವರು ಈ ಹೋಟೆಲಿನಲ್ಲಿ ಗೆದ್ದದ್ದಿಲ್ಲ. ಸಾಸೇಜಿನಿಂದ ಹಿಡಿದು ಸಲಾಡಿನವರೆಗೆ ಎಲ್ಲವೂ ಅವರನ್ನು ಸೋಲಿಸಲೆಂದೇ ಸಾಲಾಗಿ ನಿಂತಿವೆ. ಐದಾರು ಒಳ್ಳೆಯ ಹೋಳು, ಪ್ರತಿಯೊಂದೂ ಅದರ ಹದದಲ್ಲಿ, ಒಲೆಯಿಂದ ನೇರ ತಟ್ಟೆಗೆ ಬಂದರೆ ಊಟ ಸಾರ್ಥಕ. ದುಡ್ಡು ಹೋಗುವುದು ಮಾಂಸದ ತೂಕಕ್ಕಲ್ಲ, ಉರಿಯನ್ನೂ ಎಳೆಯನ್ನೂ ಬಲ್ಲ ಒಂದು ಕಸುಬಿಗೆ. ಟಿಪ್ಸ್ ಇಡುವಾಗ ಆ ಕಸುಬುದಾರ ನೆನಪಿರಲಿ.